ಮನೆ ಕಟ್ಟಿದ ಮೇಲೆ ಚರಂಡಿ ಯಾರದು?

ಗ್ರಾಮ ಪಂಚಾಯಿತಿಯ ಸದಸ್ಯರೇ, ಅಭಿವೃದ್ಧಿ ಅಧಿಕಾರಿಗಳೇ, ಊರಿನ ಹಿರಿಯರೇ,

ಒಂದು ಎಕರೆ ಹೊಲದಿಂದ ಮಾತು ಶುರು ಮಾಡೋಣ. ಎಕರೆಗೆ 40 ಗುಂಟೆ, ಗುಂಟೆಗೆ 1,089 ಚದರ ಅಡಿ, ಒಟ್ಟು 43,560 ಚದರ ಅಡಿ. ಊರಿಗೆ ತಾಗಿದ ಇಂಥ ಹೊಲವನ್ನು ಕೊಂಡವರು ಸುಣ್ಣದ ಗೆರೆ ಎಳೆದು, ಕಲ್ಲು ನೆಟ್ಟು, 20 ಅಡಿ ರಸ್ತೆ ಬಿಟ್ಟರೆ 30×40ರ 24 ಸೈಟು ಸಲೀಸಾಗಿ ಬೀಳುತ್ತವೆ. ಅದೇ ಜಮೀನಿಗೆ ಯೋಜನಾ ಪ್ರಾಧಿಕಾರದಿಂದ ನಕ್ಷೆ ಮಂಜೂರು ಮಾಡಿಸಿ, ಅಗಲ ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯದ ಜಾಗ ಎಲ್ಲ ಬಿಟ್ಟರೆ ಎಕರೆಗೆ 18ರಿಂದ 20 ಸೈಟು ಉಳಿದರೆ ಹೆಚ್ಚು. ಅದರ ಮೇಲೆ ಭೂಪರಿವರ್ತನೆ ಶುಲ್ಕ, ಪ್ರಾಧಿಕಾರದ ಶುಲ್ಕ, ಡಾಂಬರು, ಚರಂಡಿ, ಒಳಚರಂಡಿ, ನೀರಿನ ಪೈಪು, ವಿದ್ಯುತ್ ಕಂಬದ ಖರ್ಚು ಬೇರೆ. ಸೈಟು ಬಿಡುಗಡೆ ಆಗುವುದೂ ಈ ಕಾಮಗಾರಿಗಳು ಮುಗಿದಂತೆ ಹಂತ ಹಂತವಾಗಿ. ಕಾನೂನಿನ ದಾರಿಯಲ್ಲಿ ಹೋದವನ ಕೈಗೆ ನಾಲ್ಕಾರು ಸೈಟು ಕಡಿಮೆ, ಖರ್ಚು ಹೆಚ್ಚು, ವರ್ಷಗಟ್ಟಲೆ ಕಾಯುವುದು. ನಮ್ಮ ರಾಜ್ಯದಲ್ಲಿ 'ರೆವಿನ್ಯೂ ಸೈಟು', ಅಂದರೆ ನಕ್ಷೆ ಮಂಜೂರಾಗದ ಹೊಲದ ಸೈಟು, ಹುಟ್ಟುವುದು ಈ ಲೆಕ್ಕದಿಂದಲೇ. ಇದನ್ನು ಜನರ ದುರಾಸೆ ಎಂದು ಬೈದು ಸುಮ್ಮನಾದರೆ ಮೂಲ ಕಾರಣ ಕೈಗೆ ಸಿಗುವುದಿಲ್ಲ.

ಆ 24 ಸೈಟಿನಲ್ಲೂ ಮನೆ ಎದ್ದವು, ಮನೆಗೆ ಐದು ಜನ ಎಂದಿಟ್ಟುಕೊಳ್ಳಿ. ಜಲಜೀವನ್ ಮಿಷನ್ನಿನ ಪ್ರಮಾಣ ತಲೆಗೆ ದಿನಕ್ಕೆ 55 ಲೀಟರ್. 120 ಜನಕ್ಕೆ 6,600 ಲೀಟರ್ ನೀರನ್ನು ದಿನವೂ ಕೊಳವೆಬಾವಿಯಿಂದ ಎತ್ತಬೇಕು. ಅದರಲ್ಲಿ ಮುಕ್ಕಾಲು ಪಾಲು, ಅಂದರೆ ಸುಮಾರು 5,000 ಲೀಟರ್, ಬಚ್ಚಲು ನೀರಾಗಿ ಹೊರಬರುತ್ತದೆ. ಸೈಟು ಮಾರಿದವರು ಚರಂಡಿ ಮಾಡಿಲ್ಲ, ಮಾಡಿದ್ದರೂ ಅದು ಲೇಔಟಿನ ಅಂಚಿನಲ್ಲೇ ನಿಂತಿದೆ. ನೀರು ಪಕ್ಕದ ಹೊಲಕ್ಕೆ ನುಗ್ಗುತ್ತದೆ, ಹೊಲದವರು ಪಂಚಾಯಿತಿ ಬಾಗಿಲಿಗೆ ಬರುತ್ತಾರೆ. ಪಂಪಿನ ಕರೆಂಟು ಬಿಲ್ಲು, ನೀರುಗಂಟಿಯ ಸಂಬಳ, ಬೀದಿದೀಪ, ಕಸದ ಗಾಡಿ ಎಲ್ಲವೂ ಪಂಚಾಯಿತಿಯ ತಲೆಗೇ. ಮನೆಯೊಂದು ಎದ್ದಾಗ ಪಂಚಾಯಿತಿಗೆ ಪ್ರತಿವರ್ಷದ ಖರ್ಚೊಂದು ಹುಟ್ಟುತ್ತದೆ. ನಮ್ಮ ವಸತಿ ನೀತಿಯಾಗಲಿ, ಯೋಜನಾ ಕಾನೂನಾಗಲಿ, ಅನುದಾನದ ಸೂತ್ರವಾಗಲಿ ಈ ಖರ್ಚನ್ನು ಎಲ್ಲಿಯೂ ಎಣಿಸುವುದಿಲ್ಲ. ನನ್ನ ತಕರಾರು ಇದೇ.

ಮೊದಲು ಕಾಗದದ ವಿಷಯ, ಏಕೆಂದರೆ ಎಡವುವುದು ಇಲ್ಲೇ. ಕೃಷಿ ಜಮೀನಿನಲ್ಲಿ ಮನೆ ಕಟ್ಟಲು ಎರಡು ಬೇರೆ ಬೇರೆ ಅನುಮತಿ ಬೇಕು. ಒಂದು, 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಭೂಪರಿವರ್ತನೆ, ಅದು ಜಿಲ್ಲಾಧಿಕಾರಿಗಳ ಆದೇಶ. ಸರ್ವೆ ನಂಬರಿನ ಒಂದು ಭಾಗಕ್ಕಷ್ಟೇ ಬೇಕಿದ್ದರೆ ಮೊದಲು ಆ ಭಾಗವನ್ನು ಅಳೆದು ಗುರುತಿಸುವ 11ಇ ನಕ್ಷೆ ಮಾಡಿಸಬೇಕು. ಇನ್ನೊಂದು, 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 17ನೇ ಕಲಂ ಪ್ರಕಾರ ವಿನ್ಯಾಸದ ಅನುಮೋದನೆ, ಅಂದರೆ ಲೇಔಟ್ ನಕ್ಷೆ. "ಕನ್ವರ್ಷನ್ ಆಗಿದೆ ಸಾರ್, ಧೈರ್ಯವಾಗಿ ತಗೊಳ್ಳಿ" ಎಂದು ಮಾರುವವರು ಹೇಳುವುದು ಮೊದಲನೆಯದನ್ನು ಮಾತ್ರ. ಜಮೀನು ಕೃಷಿಯಿಂದ ಕೃಷಿಯೇತರಕ್ಕೆ ಬಂದಿದೆ ಎಂಬುದಷ್ಟೇ ಅದರ ಅರ್ಥ. ರಸ್ತೆ ಎಲ್ಲಿ, ಉದ್ಯಾನ ಎಲ್ಲಿ, ಚರಂಡಿ ಎತ್ತ ಹರಿಯಬೇಕು ಎಂಬುದು ತೀರ್ಮಾನವಾಗುವುದು ಎರಡನೆಯದರಲ್ಲಿ. ಅನುಮೋದಿತ ಲೇಔಟಿನಲ್ಲಿ ರಸ್ತೆ ಮತ್ತು ಉದ್ಯಾನಗಳನ್ನು ನೋಂದಾಯಿತ ಪರಿತ್ಯಾಜನಾ ಪತ್ರದ ಮೂಲಕ ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಡಬೇಕು. ಈ ಪತ್ರ ಪಂಚಾಯಿತಿಯ ಕಡತದಲ್ಲಿ ಇದೆಯೇ ಎಂದು ಒಮ್ಮೆ ತೆಗೆದು ನೋಡಿ. ಇಲ್ಲವಾದರೆ ಹತ್ತು ವರ್ಷದ ಬಳಿಕ ಉದ್ಯಾನದ ಮೂಲೆಯಲ್ಲಿ ಯಾರದೋ ಶೆಡ್ಡು ಏಳುತ್ತದೆ, ಅದು ಪಂಚಾಯಿತಿಯ ಸ್ವತ್ತು ಎಂದು ತೋರಿಸಲು ನಿಮ್ಮ ಬಳಿ ದಾಖಲೆಯೇ ಇರುವುದಿಲ್ಲ.

ಇನ್ನು ಖಾತೆ. 2013ರಲ್ಲಿ ಪಂಚಾಯಿತಿ ಆಸ್ತಿಗಳ ದಾಖಲೆಯನ್ನು ಕಂಪ್ಯೂಟರಿನಲ್ಲಿಡುವ ಇ-ಸ್ವತ್ತು ತಂತ್ರಾಂಶ ಬಂತು. ಅದಕ್ಕೂ ಮುಂಚೆ ಕೈಬರಹದ ಖಾತೆಯ ಕಾಲ, ಹೊಲದ ಸೈಟಿಗೂ ನಮೂನೆ 9 ಎಂಬ ಆಸ್ತಿ ದಾಖಲೆ ಬರೆದುಕೊಟ್ಟ ಊರುಗಳು ಬೇಕಾದಷ್ಟಿದ್ದವು. ಈಗ ನಮೂನೆ 9 ಮತ್ತು 11ಎ ಸಿಗುವುದು ಗ್ರಾಮಠಾಣದ (ಊರಿನ ಮೂಲ ವಾಸದ ಜಾಗ) ಒಳಗಿನ ಸ್ವತ್ತಿಗೆ, ಭೂಪರಿವರ್ತನೆಯಾಗಿ ನಕ್ಷೆ ಮಂಜೂರಾದ ಸ್ವತ್ತಿಗೆ, ಸರ್ಕಾರದ ವಸತಿ ಯೋಜನೆಗಳಲ್ಲಿ ಹಂಚಿದ ನಿವೇಶನಕ್ಕೆ. ಉಳಿದದ್ದಕ್ಕೆ 11ಬಿ. ನೋಂದಣಿಯ ಕಾವೇರಿ ತಂತ್ರಾಂಶವನ್ನು ಇದಕ್ಕೆ ಬೆಸೆದಿರುವುದರಿಂದ ಖಾತೆ ಇಲ್ಲದೆ ಕ್ರಯಪತ್ರ ಆಗುವುದು ಕಷ್ಟ. 2025ರ ಪಂಚಾಯತ್ ರಾಜ್ ತಿದ್ದುಪಡಿ ಅನಧಿಕೃತ ಸ್ವತ್ತುಗಳನ್ನೂ ತೆರಿಗೆಗೆ ತಂದು 11ಬಿ ಕೊಡುವ ದಾರಿಯನ್ನು ಅಗಲ ಮಾಡಿತು. ಪಂಚಾಯಿತಿಗೆ ತೆರಿಗೆ ಬರಲಿ ಎಂಬ ಉದ್ದೇಶ ಸರಿಯಾದದ್ದೇ. ಆದರೆ 11ಬಿ ಎಂದರೆ ಸಕ್ರಮ ಎಂದು ಯಾರೂ ತಿಳಿಯಬಾರದು, ಅದು ತೆರಿಗೆಯ ದಾಖಲೆ ಅಷ್ಟೇ. ನಗರಗಳಲ್ಲಿ ದಂಡ ಕಟ್ಟಿಸಿಕೊಂಡು ಅಕ್ರಮ ಕಟ್ಟಡಗಳನ್ನು ಸಕ್ರಮ ಮಾಡುವ 'ಅಕ್ರಮ-ಸಕ್ರಮ'ದ ಗತಿ ಏನಾಯಿತೆಂದು ನೆನಪಿಸಿಕೊಳ್ಳಿ. 2007ರಲ್ಲಿ ಯೋಜನಾ ಕಾಯ್ದೆಗೆ ತಿದ್ದುಪಡಿ ಆಯಿತು, 2016ರ ಡಿಸೆಂಬರಿನಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿತು. "ಇವತ್ತಲ್ಲ ನಾಳೆ ಸಕ್ರಮ ಆಗುತ್ತೆ" ಎಂಬ ಮಾತು ನಂಬಿ ಸೈಟು ಕೊಂಡವರು ವರ್ಷಗಟ್ಟಲೆ ಅತ್ತ ಲೈಸೆನ್ಸೂ ಇಲ್ಲ, ಇತ್ತ ಸಾಲವೂ ಇಲ್ಲ ಎಂಬಂತೆ ಕುಳಿತರು. ಇನ್ನೊಂದು ಸಲ ಮನ್ನಾ ಆಗುತ್ತದೆ ಎಂಬ ನಿರೀಕ್ಷೆಯೇ ಮುಂದಿನ ಅಕ್ರಮ ಲೇಔಟಿಗೆ ಬಂಡವಾಳ.

ಸರ್ಕಾರವೇ ಕೊಡುವ ಮನೆಯ ಕಡೆ ಬರೋಣ. ಪ್ರಧಾನಮಂತ್ರಿ ಆವಾಸ್ ಯೋಜನೆ ಗ್ರಾಮೀಣದಲ್ಲಿ ಬಯಲು ಪ್ರದೇಶಕ್ಕೆ 1.20 ಲಕ್ಷ, ಗುಡ್ಡಗಾಡಿಗೆ 1.30 ಲಕ್ಷ ರೂಪಾಯಿ ಎಂದು 2016ರಲ್ಲಿ ನಿಗದಿಯಾಯಿತು, ಕೇಂದ್ರ ಮತ್ತು ರಾಜ್ಯದ ಪಾಲು 60:40. ಶೌಚಾಲಯಕ್ಕೆ 12,000 ರೂಪಾಯಿ, ಉದ್ಯೋಗ ಖಾತ್ರಿಯಿಂದ 90 ದಿನದ ಕೂಲಿ ಬೇರೆ. ಅಡುಗೆಯ ಜಾಗವೂ ಸೇರಿ ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು, ಅಂದರೆ 269 ಚದರ ಅಡಿ. 1.20 ಲಕ್ಷವನ್ನು 269ರಿಂದ ಭಾಗಿಸಿದರೆ ಚದರ ಅಡಿಗೆ ಬರುವುದು 446 ರೂಪಾಯಿ. ಈ ದರಕ್ಕೆ ಮನೆ ಕಟ್ಟಿಕೊಡುವ ಮೇಸ್ತ್ರಿ ಯಾವ ತಾಲ್ಲೂಕಿನಲ್ಲೂ ಸಿಗುವುದಿಲ್ಲ.

ಹೆಚ್ಚಿನ ಮನೆಗಳು ನಿಂತುಹೋಗುವುದು ಛಾವಣಿಯ ಹಂತದಲ್ಲಿ. ಗೋಡೆಯ ದಪ್ಪವೂ ಸೇರಿ 30 ಚದರ ಮೀಟರ್ ಛಾವಣಿಗೆ ನಾಲ್ಕಂಗುಲದ ಸ್ಲ್ಯಾಬು ಹಾಕಲು 3 ಘನ ಮೀಟರ್ ಕಾಂಕ್ರೀಟು ಬೇಕು. ಒಂದು ಪಾಲು ಸಿಮೆಂಟು, ಒಂದೂವರೆ ಮರಳು, ಮೂರು ಜಲ್ಲಿಯ ಮಿಶ್ರಣಕ್ಕೆ ಘನ ಮೀಟರಿಗೆ 8 ಚೀಲ ಎಂದರೆ 24-25 ಚೀಲ ಸಿಮೆಂಟು, ಸುಮಾರು 240 ಕಿಲೋ ಕಬ್ಬಿಣ, ಜೊತೆಗೆ ಸೆಂಟ್ರಿಂಗಿನ ಬಾಡಿಗೆ. ಇದೆಲ್ಲವನ್ನೂ ಒಂದೇ ದಿನಕ್ಕೆ ಹೊಂದಿಸಬೇಕು. ಗೋಡೆಯನ್ನು ಇಷ್ಟಿಷ್ಟೇ ಏರಿಸಬಹುದು, ಸ್ಲ್ಯಾಬನ್ನು ಅರ್ಧ ಹಾಕಿ ನಿಲ್ಲಿಸಲಾಗದು. ಕಂತಿನ ಹಣ ಬಿಡುಗಡೆಯಾಗುವುದೋ, ಆ ಹಂತ ಮುಗಿದು, ಜಿಪಿಎಸ್ ಫೋಟೋ ಏರಿ, ಅನುಮೋದನೆ ಆದ ಮೇಲೆ. ಕೈಯಲ್ಲಿ ಕಾಸಿಲ್ಲದವರಿಗಾಗಿ ಮಾಡಿದ ಯೋಜನೆ ಅತಿ ದೊಡ್ಡ ಖರ್ಚಿನ ಹೊತ್ತಿಗೆ ಮೊದಲು ನೀನೇ ಹಾಕು ಎನ್ನುತ್ತದೆ. ಸಿಮೆಂಟ್ ಅಂಗಡಿಯ ಉದ್ರಿ, ಕೈಗಡ ಶುರುವಾಗುವುದು ಆಗ. ಛಾವಣಿಯ ಕಂತನ್ನು ಲಿಂಟಲ್ (ಬಾಗಿಲು-ಕಿಟಕಿಯ ಮೇಲಿನ ತೊಲೆ) ಹಂತದ ಫೋಟೋ ಏರಿದ ಕೂಡಲೇ ಮುಂಗಡವಾಗಿ ಕೊಟ್ಟರೆ ಅರ್ಧಕ್ಕೆ ನಿಂತ ಮನೆಗಳಲ್ಲಿ ಬಹುಪಾಲು ಮೇಲೇಳುತ್ತವೆ. ಇದು ಹೆಚ್ಚುವರಿ ಹಣ ಕೇಳುವ ಮಾತಲ್ಲ, ಇರುವ ಹಣದ ಸಮಯ ಬದಲಿಸುವ ಮಾತು.

ಎರೆಮಣ್ಣಿನ ಸೀಮೆಯವರಿಗೆ ಒಂದು ಮಾತು ಸೇರಿಸಬೇಕು. ಎರೆ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಕೆಂಪುಮಣ್ಣಿಗೆ ಸಾಕಾಗುವ ಎರಡೂವರೆ ಅಡಿ ಪಾಯ ಅಲ್ಲಿ ನಿಲ್ಲುವುದಿಲ್ಲ. ಬಿರುಕು ಬಿಡುವ ಪದರವನ್ನು ದಾಟಿ ಗರಸು ಸಿಗುವವರೆಗೆ ಇಳಿಯಬೇಕು, ಪಾಯದ ಮೇಲೆ ಕಾಂಕ್ರೀಟಿನ ಬೆಲ್ಟು ಹಾಕಬೇಕು. ಸಹಾಯಧನ ಬಯಲು ಪ್ರದೇಶಕ್ಕೆಲ್ಲ ಒಂದೇ, ಮಣ್ಣಿನ ಲೆಕ್ಕ ಅದರಲ್ಲಿಲ್ಲ. ದುಡ್ಡು ಉಳಿಸಲು ಪಾಯ ಮೇಲೆಯೇ ನಿಲ್ಲಿಸಿದ ಮನೆಯಲ್ಲಿ ಎರಡನೇ ಬೇಸಿಗೆಗೆ ಕಿಟಕಿಯ ಮೂಲೆಯಿಂದ ಓರೆ ಬಿರುಕು ಏಳುತ್ತದೆ.

ಮನೆ ಮಂಜೂರಾಗಿಯೂ ಕೆಲಸ ಶುರುವಾಗದಿದ್ದರೆ ಬಹುತೇಕ ಖಾತೆಯ ತೊಡಕೇ ಕಾರಣ. ಜಾಗ ಇನ್ನೂ ಅಜ್ಜನ ಹೆಸರಿನಲ್ಲಿದೆ, ತೀರಿಕೊಂಡವರ ಹೆಸರಿನಿಂದ ವಾರಸುದಾರರಿಗೆ ಬದಲಿಸುವ ಪೌತಿ ಖಾತೆ ಆಗಿಲ್ಲ, ಅಣ್ಣತಮ್ಮಂದಿರ ವಿಭಾಗ ಬಾಯಿಮಾತಿನದು, ಚೆಕ್ಕುಬಂದಿ ಹೊಂದುವುದಿಲ್ಲ. ಗ್ರಾಮಸಭೆಯಲ್ಲಿ ಫಲಾನುಭವಿಗಳ ಪಟ್ಟಿ ಮಾಡುವ ದಿನವೇ ಖಾತೆ ನೋಡಿ, ಇಲ್ಲದವರ ಅರ್ಜಿ ಹಾಕಿಸಿ. ಮಂಜೂರಾತಿ ಬರುವ ಹೊತ್ತಿಗೆ ಕಾಗದವೂ ಬಂದಿರುತ್ತದೆ. ಹಕ್ಕುಪತ್ರ ಬಂದರೆ ಎಷ್ಟು ಬಾಗಿಲು ತೆರೆಯುತ್ತದೆ ಎಂದು ತಾಂಡಾದವರನ್ನು ಕೇಳಿ. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಜಿಲ್ಲೆಗಳ ಸುಮಾರು 1,475 ದಾಖಲೆರಹಿತ ವಸತಿಗಳು ಕಂದಾಯ ಗ್ರಾಮಗಳಾದವು. 2023ರ ಜನವರಿಯಲ್ಲಿ ಮಳಖೇಡದಲ್ಲಿ ಹಕ್ಕುಪತ್ರ ಕೊಟ್ಟಾಗ ಫಲಾನುಭವಿಗಳ ಸಂಖ್ಯೆ 50,000 ದಾಟಿತ್ತು.

ಈಗ ಖಜಾನೆ. 73ನೇ ತಿದ್ದುಪಡಿ ಪಂಚಾಯಿತಿಗೆ ತೆರಿಗೆ ಹಾಕುವ ಅಧಿಕಾರಕ್ಕೆ ಸಂವಿಧಾನದಲ್ಲೇ ಜಾಗ ಮಾಡಿತು, ನಮ್ಮ 1993ರ ಕಾಯ್ದೆಯ 199ನೇ ಕಲಂ ಅದನ್ನು ಕೈಗೆ ಕೊಟ್ಟಿತು. ಆದರೂ ಹೆಚ್ಚಿನ ಪಂಚಾಯಿತಿಗಳು ಕಾಯುವುದು ಮೇಲಿನಿಂದ ಬರುವ ಅನುದಾನಕ್ಕೆ. 15ನೇ ಹಣಕಾಸು ಆಯೋಗದ 2021-26ರ ಹಣದಲ್ಲಿ ನೂರಕ್ಕೆ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಉಳಿದ 40ನ್ನು ಊರಿನ ಅಗತ್ಯಕ್ಕೆ ಬಳಸಬಹುದಿತ್ತು, ಆದರೆ ಸಂಬಳ ಕೊಡುವಂತಿರಲಿಲ್ಲ. ರಾಜ್ಯದ ಶಾಸನಬದ್ಧ ಅನುದಾನದ ದೊಡ್ಡ ಪಾಲು ಸಿಬ್ಬಂದಿ ವೇತನಕ್ಕೂ ವಿದ್ಯುತ್ ಬಿಲ್ಲಿಗೂ ಹೋಗುತ್ತದೆ. ಇನ್ನೂ ಕೆಟ್ಟದ್ದೆಂದರೆ, ಆಯೋಗ ತಲೆ ಎಣಿಸಿದ್ದು 2011ರ ಜನಗಣತಿಯಿಂದ. ನಗರದ ಅಂಚಿನ ಪಂಚಾಯಿತಿಯಲ್ಲಿ ಆಮೇಲೆ ಎದ್ದ ಬಡಾವಣೆಗಳ ಜನ ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಅವರು ಕುಡಿಯುವ ನೀರು ಮಾತ್ರ ಇವತ್ತಿನದು.

ಮನೆಗೂ ಖಜಾನೆಗೂ ಗಂಟು ಹಾಕಿದ ಪ್ರಯೋಗ ಬೇರೆ ಕಡೆ ಆಗಿದೆ. ಇಂಗ್ಲೆಂಡಿನಲ್ಲಿ 2011ರಿಂದ 'ನ್ಯೂ ಹೋಮ್ಸ್ ಬೋನಸ್' ಎಂಬ ಅನುದಾನ ಇತ್ತು. ಹೊಸ ಮನೆಯೊಂದು ಸೇರಿದರೆ ಅದರ ಕೌನ್ಸಿಲ್ ತೆರಿಗೆಗೆ (ಅಲ್ಲಿನ ಮನೆ ತೆರಿಗೆ) ಸರಿಸಮನಾದ ಮೊತ್ತವನ್ನು ಸರ್ಕಾರ ಆರು ವರ್ಷ ಸ್ಥಳೀಯ ಸಂಸ್ಥೆಗಳಿಗೆ ಕೊಡುತ್ತಿತ್ತು, ಆಮೇಲೆ ಅದನ್ನು ನಾಲ್ಕಕ್ಕೆ ಇಳಿಸಿದರು. ವಿಚಾರ ಒಳ್ಳೆಯದು, ಹಣದ ಮೂಲ ತಪ್ಪಿತು: ಬಹುಪಾಲು ಇತರ ಅನುದಾನದಿಂದಲೇ ಕಡಿದು ಕೊಟ್ಟಿದ್ದರಿಂದ ಮನೆಗೆ ಬೇಡಿಕೆ ಇಲ್ಲದ ಬಡ ಊರುಗಳು ಕಳೆದುಕೊಂಡವು. ನಮ್ಮಲ್ಲಿ 11ಎ ಸ್ವತ್ತು ಹೊಸದಾಗಿ ಸೇರಿದಾಗ ಮೊದಲ ಕೆಲವು ವರ್ಷ ರಾಜ್ಯವೂ ಅಷ್ಟೇ ಹಣ ಸೇರಿಸಲಿ, ಆದರೆ ಅದನ್ನು ಹಿಂದುಳಿದ ತಾಲ್ಲೂಕಿನ ಪಾಲಿನಿಂದ ಕಿತ್ತು ಕೊಡಬಾರದು.

ಅಲ್ಲಿಯವರೆಗೆ ನಿಮ್ಮ ಕೈಯಲ್ಲೇ ಇರುವ ಕೆಲಸ ತೆರಿಗೆ ಬೇಡಿಕೆ ವಹಿಯದು, ಅಂದರೆ ಯಾವ ಆಸ್ತಿಯಿಂದ ಎಷ್ಟು ತೆರಿಗೆ ಬರಬೇಕೆಂದು ಬರೆದಿಡುವ ಪುಸ್ತಕದ್ದು. ಅದು ಹಳತಾಗಿದ್ದರೆ ಎಷ್ಟು ವಸೂಲಿ ಮಾಡಿದರೂ ಅಷ್ಟೇ. ಹಂಚಿನ ಮನೆ ಎಂದು ದಾಖಲಾದದ್ದು ಎರಡು ಮಹಡಿಯಾಗಿರುತ್ತದೆ, ಖಾಲಿ ನಿವೇಶನ ಎಂದಿರುವ ಕಡೆ ಬಾಡಿಗೆ ಮಳಿಗೆ ಇರುತ್ತದೆ. ವಸೂಲಿಯಾದ ಹಣವೆಲ್ಲ ನಿಮ್ಮದೂ ಅಲ್ಲ, ತೆರಿಗೆಯ ಮೇಲೆ ನೂರಕ್ಕೆ 6ರಂತೆ ಗ್ರಂಥಾಲಯ ಕರ, 3ರಂತೆ ಭಿಕ್ಷುಕರ ಕರ ಪಡೆದು ಆಯಾ ಇಲಾಖೆಗೆ ಕಟ್ಟಬೇಕು. ಅದನ್ನು ಖರ್ಚು ಮಾಡಿಕೊಂಡರೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ತಪ್ಪಿದ್ದಲ್ಲ.

ವಹಿ ಸರಿಪಡಿಸಲು ಸುಲಭದ ದಾರಿ ಒಂದಿದೆ. ವಿದ್ಯುತ್ ಕಂಪನಿಯ ಉಪವಿಭಾಗದಿಂದ ಊರುವಾರು ಆರ್‌ಆರ್ ನಂಬರಿನ (ವಿದ್ಯುತ್ ಸಂಪರ್ಕದ ಸಂಖ್ಯೆ) ಪಟ್ಟಿ ಕೇಳಿ ಪಡೆಯಿರಿ. ಅದನ್ನು ಬೇಡಿಕೆ ವಹಿಯ ಪಕ್ಕಕ್ಕಿಟ್ಟು ಬೀದಿ ಬೀದಿ ಹೊಂದಿಸಿ. ಮೀಟರ್ ಇದ್ದು ಖಾತೆ ಇಲ್ಲದ ಮನೆಗಳು, ವಾಣಿಜ್ಯ ಮೀಟರ್ ಇದ್ದೂ ವಾಸದ ಮನೆ ಎಂದು ತೆರಿಗೆ ಕಟ್ಟುತ್ತಿರುವ ಕಟ್ಟಡಗಳು ಎರಡು ಪಟ್ಟಿಯಾಗಿ ಹೊರಬರುತ್ತವೆ. ಆ ಎರಡು ಪಟ್ಟಿ ಹಿಡಿದು ಕರ ವಸೂಲಿಗಾರರ ಜೊತೆ ವಾರ್ಡಿನ ಸದಸ್ಯರೂ ಅಳತೆಪಟ್ಟಿಯೊಂದಿಗೆ ಮನೆ ಮನೆಗೆ ಹೋಗಬೇಕು. ನೋಟಿಸು ಕೊಟ್ಟು, ಆಕ್ಷೇಪಣೆ ಕೇಳಿ, ಸಾಮಾನ್ಯ ಸಭೆಯಲ್ಲಿ ಠರಾವು ಮಾಡಿ, ಮುಂದಿನ ಏಪ್ರಿಲ್‌ನ ಬೇಡಿಕೆಗೆ ಸೇರಿಸಿ. ನಾವು ಮೊದಲು ನೋಡಿದ ಆ 24 ಮನೆಗಳೂ ಆ ಪಟ್ಟಿಯಲ್ಲಿ ಇರುತ್ತವೆ. ಅವುಗಳಿಂದ ಬಂದ ಮೊದಲ ವರ್ಷದ ತೆರಿಗೆಯನ್ನು ಬೇರೆ ಲೆಕ್ಕದಲ್ಲಿಟ್ಟು, ಲೇಔಟಿನ ಅಂಚಿನಲ್ಲಿ ನಿಂತುಹೋದ ಚರಂಡಿಯನ್ನು ಹಳ್ಳದವರೆಗೆ ಒಯ್ಯುವ ಅಂದಾಜುಪಟ್ಟಿಗೆ ಮೊದಲ ಪಾಲು ಎಂದು ಬರೆಯಿರಿ.