ಗೋಡೆಯಷ್ಟೇ ಉಳಿದ ಹೆಂಗಸರ ಜೈಲು

[ದೃಶ್ಯ: ಎತ್ತರದ ಕಲ್ಲಿನ ಗೋಡೆ. ಒಳಗೆ ಖಾಲಿ ಅಂಗಳ.]

ನಮಸ್ಕಾರ. ಈ ಅಂಗಳವನ್ನು ಒಮ್ಮೆ ನೋಡಿ. ಸುತ್ತ ಗೋಡೆ, ನಡುವೆ ಬರೀ ಬಯಲು. ಇದು ಯುನೆಸ್ಕೋ ವಿಶ್ವ ಪರಂಪರೆ ತಾಣ ಅಂದರೆ ನಂಬುತ್ತೀರಾ?

ಜಾಗ ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾ, ಹೋಬಾರ್ಟ್ ಊರು. ಹೆಸರು ಕ್ಯಾಸ್ಕೇಡ್ಸ್ ಫೀಮೇಲ್ ಫ್ಯಾಕ್ಟರಿ. ಹೆಸರಿಗೆ ಫ್ಯಾಕ್ಟರಿ, ಒಳಗೆ ಹೆಂಗಸರ ಜೈಲು.

ಬ್ರಿಟನ್ ಮತ್ತು ಐರ್ಲೆಂಡಿನಿಂದ ಸುಮಾರು 25 ಸಾವಿರ ಹೆಂಗಸರನ್ನು ಆಸ್ಟ್ರೇಲಿಯಾಕ್ಕೆ ಗಡೀಪಾರು ಮಾಡಿದರು. ಹೆಚ್ಚಿನವರದು ಸಣ್ಣಪುಟ್ಟ ಕಳ್ಳತನ. ಅದಕ್ಕೆ ಸಾಮಾನ್ಯವಾಗಿ ಏಳು ವರ್ಷ ಶಿಕ್ಷೆ. ಶಿಕ್ಷೆ ಮುಗಿದರೂ ಊರಿಗೆ ವಾಪಸ್ ಹೋಗಲು ಹಡಗಿನ ದುಡ್ಡು ಎಲ್ಲಿಂದ ತರಬೇಕು? ಬಹುಪಾಲು ಜನ ಅಲ್ಲೇ ಉಳಿದರು.

ಹಳೇ ರಮ್ ಭಟ್ಟಿಯೊಂದನ್ನು ಕೊಂಡು 1828ರಲ್ಲಿ ಈ ಜೈಲು ತೆರೆದರು. ಬೆಟ್ಟದ ಬುಡ, ಪಕ್ಕದಲ್ಲಿ ಹಳ್ಳ, ಬಿಸಿಲು ಕಮ್ಮಿ, ಥಂಡಿ ಜಾಸ್ತಿ. ಒಳಗಿದ್ದವರು ಬಟ್ಟೆ ಒಗೆಯಬೇಕು, ನೂಲಬೇಕು, ಹೊಲಿಯಬೇಕು. ಕೈದಿಗಳಲ್ಲೂ ದರ್ಜೆಗಳಿದ್ದವು. ಎಲ್ಲಕ್ಕಿಂತ ಕೆಳಗಿನ ಶಿಕ್ಷೆಯ ದರ್ಜೆಯಲ್ಲಿದ್ದವರ ಉಡುಪಿನ ಬೆನ್ನ ಮೇಲೆ ಹಳದಿ ಬಣ್ಣದ ದೊಡ್ಡ 'ಸಿ' ಅಕ್ಷರ. ಊರಿನವರ ಮನೆಗೆಲಸಕ್ಕೆ ಕಳಿಸಿದ ಕೈದಿ ಅಲ್ಲಿ ಬಸುರಿಯಾದರೆ ಮತ್ತೆ ಇಲ್ಲಿಗೇ ತಂದು ಬಿಡುತ್ತಿದ್ದರು. ಮಗು ಹಾಲು ಬಿಟ್ಟ ಮೇಲೆ ತಾಯಿಯನ್ನು ಬೇರೆ ಮಾಡಿ ಶಿಕ್ಷೆಗೆ ಹಾಕುತ್ತಿದ್ದರು. ಇಲ್ಲಿ ಎಷ್ಟೋ ಕೂಸುಗಳು ಸತ್ತವು.

[ದೃಶ್ಯ: ಹಳೇ ನಕ್ಷೆ. ಐದು ಅಂಗಳಗಳು.]

ಹಾಗಾದರೆ ಕಟ್ಟಡಗಳೆಲ್ಲ ಎಲ್ಲಿ ಹೋದವು? ಕೈದಿಗಳ ಕಾಲ ಮುಗಿದ ಮೇಲೆ ಜಾಗವನ್ನು ತುಂಡು ತುಂಡಾಗಿ ಮಾರಿದರು. ಒಂದು ಕಡೆ ಟೆನಿಸ್ ಅಂಕಣ, ಇನ್ನೊಂದು ಕಡೆ ಮಿಠಾಯಿ ಕಾರ್ಖಾನೆ ಬಂತು. ಗಂಡಸರ ಜೈಲಿದ್ದ ಪೋರ್ಟ್ ಆರ್ಥರ್‌ಗೆ ಆಗಲೇ ಪ್ರವಾಸಿಗರು ಹೋಗುತ್ತಿದ್ದರು. ಇಲ್ಲಿಗೆ ಯಾರೂ ಬರಲಿಲ್ಲ. ಅಜ್ಜಿ ಕೈದಿಯಾಗಿದ್ದಳು ಅನ್ನುವುದನ್ನು ಮನೆಯವರೇ ಮುಚ್ಚಿಡುತ್ತಿದ್ದ ಕಾಲ ಅದು. ಅಜ್ಜಿಯ ಹೆಸರೇ ಬೇಡವಾದಾಗ ಅವಳಿದ್ದ ಗೋಡೆಯನ್ನು ಯಾರು ಕಾಯುತ್ತಾರೆ?

ಸಿಡ್ನಿ ಹತ್ತಿರದ ಪ್ಯಾರಮಟ್ಟದ ಹೆಂಗಸರ ಜೈಲಿನದೂ ಇದೇ ಕಥೆ. 1827ರಲ್ಲಿ ಊಟದ ಪಾಲು ಕಡಿತ ಮಾಡಿದ್ದಕ್ಕೆ ಅಲ್ಲಿನ ಹೆಂಗಸರು ಬಾಗಿಲು ಮುರಿದು ಊರಿಗೇ ನುಗ್ಗಿದ್ದರು! ಆ ಜೈಲಿನ ಮುಖ್ಯ ಕಟ್ಟಡ ಈಗಿಲ್ಲ. ಉಳಿದ ಭಾಗಕ್ಕೆ ರಾಷ್ಟ್ರೀಯ ಪರಂಪರೆ ಪಟ್ಟಿಯಲ್ಲಿ ಜಾಗ ಸಿಕ್ಕಿದ್ದು 2017ರಲ್ಲಿ.

ಕ್ಯಾಸ್ಕೇಡ್ಸ್ 2010ರಲ್ಲೇ ವಿಶ್ವ ಪರಂಪರೆ ಪಟ್ಟಿ ಸೇರಿತು. ಅದೂ ಮೂರು ಅಂಗಳ ಮಾತ್ರ. ಆಮೇಲೆ ಒಂದು ಒಳ್ಳೇ ತೀರ್ಮಾನ ಆಯಿತು. ಹಳೇ ಜೈಲಿನ ನಕಲನ್ನು ಕಟ್ಟಲಿಲ್ಲ. ಪ್ರವಾಸಿಗರಿಗೆ ಕಥೆ ಹೇಳಲು 2022ರಲ್ಲಿ ಹೊಸದಾಗಿಯೇ ಕಾಣುವ ಕಟ್ಟಡ ತೆರೆದರು. ನನಗಂತೂ ಇದೇ ಸರಿ ಅನ್ನಿಸುತ್ತದೆ. ಯಾಕೆ ಗೊತ್ತಾ? ಅಲ್ಲಿನ ನೆಲ ಇನ್ನೂ ಮಾತಾಡುವುದಿದೆ.

[ದೃಶ್ಯ: ಅಂಗೈ ಮೇಲೆ ಮಣ್ಣು ಹತ್ತಿದ ಅಂಗಿ ಗುಂಡಿ.]

ಟ್ಯಾಸ್ಮೇನಿಯಾದ್ದೇ ರಾಸ್ ಅನ್ನುವ ಚಿಕ್ಕ ಊರು. ಅಲ್ಲಿನ ಹೆಂಗಸರ ಜೈಲು ಈಗ ಬರೀ ಹುಲ್ಲಿನ ಬಯಲು. 1990ರ ದಶಕದಲ್ಲಿ ಪುರಾತತ್ವಜ್ಞೆ ಎಲೀನರ್ ಕಸೆಲ್ಲಾ ಅಲ್ಲಿ ಅಗೆಸಿದರು. ಒಬ್ಬಳನ್ನೇ ಕೂಡಿಹಾಕುವ ಕತ್ತಲೆ ಕೋಣೆಯ ಮಣ್ಣಿನ ನೆಲದಲ್ಲಿ ಅಂಗಿಯ ಗುಂಡಿಗಳು ಸಿಕ್ಕವು. ಹೊಗೆ ಸೇದುವ ಮಣ್ಣಿನ ಚಿಲುಮೆಯ ಚೂರುಗಳೂ ಸಿಕ್ಕವು. ತಂಬಾಕು ನಿಷೇಧವಾಗಿದ್ದ ಕೋಣೆ ಅದು! ಗುಂಡಿಗಳನ್ನು ಕೈದಿಗಳು ತಮ್ಮೊಳಗಿನ ಕಳ್ಳ ವ್ಯಾಪಾರಕ್ಕೆ ದುಡ್ಡಿನ ಥರ ಬಳಸಿರಬಹುದು ಅನ್ನುತ್ತಾರೆ.

ಜೈಲಿನ ದಫ್ತರ ಬರೆದವರು ಅಧಿಕಾರಿಗಳು. ಆ ಗುಂಡಿಯನ್ನು ಬಚ್ಚಿಟ್ಟವಳು ಮಾತ್ರ ಕೈದಿ ಹೆಂಗಸೇ, ಅಲ್ವಾ? ಅಂದಕ್ಕೆ ಅಂತ ನೆಲ ಅಗೆದು ಕಾಂಕ್ರೀಟು ಸುರಿದರೆ ಅದು ಹೋದ ಹಾಗೇ.

ಆ ದಫ್ತರಗಳನ್ನೂ ಈಗ ಜೋಪಾನ ಮಾಡಿದ್ದಾರೆ. ಒಬ್ಬೊಬ್ಬಳ ಎತ್ತರ, ಕಣ್ಣಿನ ಬಣ್ಣ, ಕೈ ಮೇಲಿನ ಹಚ್ಚೆ, ಎಲ್ಲ ಅದರಲ್ಲಿದೆ. ಟ್ಯಾಸ್ಮೇನಿಯಾದ ದಾಖಲೆ ಭಂಡಾರ ಆ ಪುಟಗಳನ್ನು ಆನ್‌ಲೈನ್‌ಗೆ ಹಾಕಿದೆ. ಹೆಸರು ಹಾಕಿ ಹುಡುಕಿದರೆ ಸಾಕು, ಅಜ್ಜಿಯ ಪುಟ ಮೊಮ್ಮಕ್ಕಳ ಮುಂದೆ ತೆರೆದುಕೊಳ್ಳುತ್ತದೆ.