ಕಟ್ಟುವ ಮೊದಲು ಕೇಳಬೇಕು

ಮಾನ್ಯ ಅಧ್ಯಕ್ಷರೇ, ರಾಷ್ಟ್ರೀಯ ಸೇವಾ ಯೋಜನೆಯ ವಿದ್ಯಾರ್ಥಿ ಮಿತ್ರರೇ,

ನಾಳೆ ನದಿ ದಂಡೆಯ ಊರುಗಳಿಗೆ ಮನೆ ಕಟ್ಟಲು ಹೊರಟಿರುವ ನಿಮಗೆ, ಅದೂ ರಾಯಚೂರಿನಲ್ಲಿ ನಿಂತು, 2009ರ ನೆರೆಯ ಕಥೆಯನ್ನು ಮೊದಲಿನಿಂದ ಹೇಳಬೇಕಾಗಿಲ್ಲ. ಮುಂಗಾರು ಕೈಕೊಟ್ಟಿದ್ದ ಸೀಮೆಯ ಮೇಲೆ ಸೆಪ್ಟೆಂಬರ್ ಕೊನೆಗೆ ಸುರಿದ ಮಳೆ, ಅಕ್ಟೋಬರ್ 2ರಂದು ಮಂತ್ರಾಲಯದ ಮಠಕ್ಕೇ ನುಗ್ಗಿದ ತುಂಗಭದ್ರೆ, ಇವೆಲ್ಲ ನಿಮ್ಮ ಮನೆಗಳಲ್ಲಿ ಇಂದಿಗೂ ಮಾತಾಗುತ್ತವೆ. ಹೊಳೆ ಮುಟ್ಟದ ಊರುಗಳಲ್ಲೂ ಆಗ ಮನೆಗಳು ಬಿದ್ದವೆಂಬುದನ್ನು ಮಾತ್ರ ನೆನಪಿಸುತ್ತೇನೆ. ನಮ್ಮ ಮಣ್ಣಿನ ಮಾಳಿಗೆ ಬಿಸಿಲಿಗೆ ಹೇಳಿಮಾಡಿಸಿದ್ದು. ಹಗಲೂ ರಾತ್ರಿ ನೆನೆದರೆ ಮೇಲಿನ ಮಣ್ಣಿನ ಭಾರಕ್ಕೆ ತೊಲೆ ಬಾಗಿ, ತೊಯ್ದ ಗೋಡೆ ಬುಡದಲ್ಲಿಯೇ ಕುಸಿಯುತ್ತದೆ.

ನೆರೆಯಲ್ಲಿ ಮನೆ ಕಳೆದುಕೊಂಡವರಿಗೆ ಹೊಸ ಮನೆ ಕಟ್ಟಿಕೊಡಲು ಸರ್ಕಾರ ‘ಆಸರೆ’ ಯೋಜನೆ ತಂದಿತು, ದಾನಿಗಳು ಕೈಜೋಡಿಸಿದರು. ಆ ದಿನಗಳಲ್ಲಿ ಮಾನ್ವಿ ತಾಲ್ಲೂಕಿನ ಒಂದು ಊರಿನ ಹೊಸ ಜಾಗದಲ್ಲಿ ನಾವು ಗೂಟ ಹೊಡೆದು, ಸುಣ್ಣದ ಪುಡಿಯಲ್ಲಿ ಮನೆಗಳ ಗೆರೆ ಎಳೆಯುತ್ತಿದ್ದೆವು. ಹಿರಿಯ ತಾಯಿಯೊಬ್ಬರು ಗೆರೆಯೊಳಗೆ ಬಂದು, ಸುತ್ತ ನಡೆದು ನೋಡಿ, “ಯಪ್ಪಾ, ನಾವು ಮಲಗೋ ಜಾಗ ತಿಳೀತು. ಎತ್ತು ಎಲ್ಲಿ ಕಟ್ಟಬೇಕ್ರೀ?” ಎಂದರು. ಇಂಜಿನಿಯರ್ ನಕ್ಷೆ ಬಿಚ್ಚಿದರು. ನಕ್ಷೆಯಲ್ಲಿ ಎತ್ತು ಇರಲಿಲ್ಲ. ಆ ತಾಯಿ ಮನೆಯ ಮುಂಭಾಗದ ಗೂಟವನ್ನು ಕಿತ್ತು, ಮುಂದೆ ಅಂಗಳಕ್ಕೆ ಜಾಗ ಬಿಟ್ಟು, ಎರಡು ಮಾರು ಹಿಂದಕ್ಕೆ ನೆಟ್ಟರು. ಇಂಜಿನಿಯರ್ ಅದನ್ನು ಮತ್ತೆ ಮೊದಲಿನ ಜಾಗಕ್ಕೆ ತಂದರು. ಬೆಳಗಾಗುವಷ್ಟರಲ್ಲಿ ಆ ಸಾಲಿನ ಅಷ್ಟೂ ಮನೆಗಳ ಗೂಟಗಳು ಹಿಂದೆ ಸರಿದಿದ್ದವು! ಕಡೆಗೆ ನಕ್ಷೆಯೇ ಸರಿಯಿತು. ಈಗ ಆ ಅಂಗಳಗಳಲ್ಲಿ ತಗಡಿನ ಕೊಟ್ಟಿಗೆಗಳಿವೆ, ಪಕ್ಕದಲ್ಲಿ ಕಣಿಕೆಯ ಬಣವೆಗಳಿವೆ.

ಆದ್ದರಿಂದ ಕೇಳಿ ಕಟ್ಟಿರಿ. ಪಾಯದ ಮಾತೂ ಇದೇ. ನಮ್ಮ ಎರೆಭೂಮಿ ಮಳೆಗೆ ಉಬ್ಬಿ, ಬೇಸಿಗೆಗೆ ಕೈ ತೂರುವಷ್ಟು ಬಿರಿಯುತ್ತದೆ. ಪಾಯ ಅದರ ಮೇಲೆಯೇ ಕೂತರೆ ಗೋಡೆಯೂ ಕಿಟಕಿಯ ಮೂಲೆಯಿಂದ ಬಿರಿಯುತ್ತದೆ. ಎರೆಯ ಕೆಳಗಿನ ಗಟ್ಟಿ ಗರಸು ಮಣ್ಣು, ಅಂದರೆ ಮರಂ, ಎಷ್ಟು ಆಳದಲ್ಲಿದೆ ಎಂಬುದನ್ನು ಗುಂಡಿ ತೋಡಿಯೇ ಪರೀಕ್ಷಿಸಬೇಕು, ನಿಜ. ಆದರೆ ಎಲ್ಲಿ ತೋಡಬೇಕೆಂದು ಆ ಊರಿನಲ್ಲಿ ಬಾವಿ ತೋಡಿದವರನ್ನು ಮೊದಲು ಕೇಳಿರಿ. ಕೇಳುವುದಷ್ಟೇ ಅಲ್ಲ, ಕೆಲಸವನ್ನು ಮನೆಯವರ ಕೈಗೇ ಬಿಟ್ಟದ್ದೂ ಉಂಟು: 2001ರ ಭೂಕಂಪದ ನಂತರ ಗುಜರಾತಿನಲ್ಲಿ ಬಹಳಷ್ಟು ಕುಟುಂಬಗಳು ಸರ್ಕಾರದಿಂದ ಕಂತಿನಲ್ಲಿ ಹಣ ಪಡೆದು, ಇಂಜಿನಿಯರರ ಸಲಹೆಯಲ್ಲಿ ತಮ್ಮ ಮನೆಗಳನ್ನು ತಾವೇ ಕಟ್ಟಿಸಿಕೊಂಡವು.

ಹಾಗಾದರೆ ಸ್ವಯಂಸೇವಕರಿಗೆ ಏನು ಕೆಲಸ ಎಂದು ನೀವು ಕೇಳಬಹುದು. ಕರಣೆ ಹಿಡಿದು ಫೋಟೊ ತೆಗೆಸಿಕೊಳ್ಳುವ ಕೆಲಸವಂತೂ ಅಲ್ಲ. ನೀವು ಹೋದ ಮೇಲೆ ಗೌಂಡಿ ನೀವಿಟ್ಟ ಇಟ್ಟಿಗೆಯ ಸಾಲನ್ನು ಕಿತ್ತು ಮತ್ತೆ ಕಟ್ಟಬೇಕಾಗುತ್ತದೆ. ಇಟ್ಟಿಗೆ ಹೊರಿರಿ, ಮರಳು ಸೋಸಿರಿ. ಎಲ್ಲಕ್ಕಿಂತ ಮುಖ್ಯವಾಗಿ, ಕಟ್ಟಿದ ಗೋಡೆಗೆ ಕನಿಷ್ಠ ಒಂದು ವಾರ ತಪ್ಪದೆ ನೀರು ಹೊಡೆಯಿರಿ. ನಮ್ಮ ಬಿಸಿಲಿನಲ್ಲಿ ಗಾರೆ ಗಟ್ಟಿಯಾಗುವ ಮೊದಲೇ ಒಣಗಿಬಿಡುತ್ತದೆ.

ಸಮಯವಾಯಿತೆಂದು ಅಧ್ಯಕ್ಷರು ಎರಡನೆಯ ಚೀಟಿ ಕಳುಹಿಸಿದ್ದಾರೆ; ಕೊನೆಯದಾಗಿ ಒಂದೆರಡು ಮಾತು. ಹೊಸ ಜಾಗದಿಂದ ಹೊಲಕ್ಕೆ ಎಷ್ಟು ದೂರ ಎಂಬುದನ್ನು ಬುತ್ತಿ ಹೊತ್ತು ಹೋಗುವವರನ್ನೇ ಕೇಳಿರಿ. ಕುಡಿಯುವ ನೀರು, ಚರಂಡಿ, ಶೌಚಾಲಯದ ವಿಚಾರಗಳನ್ನು ಪ್ರಶ್ನೋತ್ತರದಲ್ಲಿ ತೆಗೆದುಕೊಳ್ಳೋಣ. ಹಕ್ಕುಪತ್ರದಲ್ಲಿ ಮನೆಯ ಹೆಣ್ಣುಮಗಳ ಹೆಸರೂ ಇರಬೇಕೆಂಬುದು ನನ್ನ ನಿಲುವು. ಅದನ್ನು ಮುಂದೆ ಮಾತನಾಡಲಿರುವ ವಕೀಲರಿಗೆ ಬಿಟ್ಟು ಕುಳಿತುಕೊಳ್ಳುತ್ತೇನೆ.