ಸೋರೆಬಳ್ಳಿಯೋ, ಐವಿಯೋ: ಅನುವಾದಕ ಸಂತ ಜೆರೋಮ್

ಕೇಳುಗರಿಗೆ ನಮಸ್ಕಾರ.

ಒಂದು ಗಿಡದ ಹೆಸರು ಬದಲಾಗಿದ್ದಕ್ಕೆ ಚರ್ಚಿನಲ್ಲಿ ಗಲಾಟೆ ಎದ್ದಿತ್ತು. ಊರು ಓಯಾ, ಅಂದರೆ ಇಂದಿನ ಲಿಬಿಯಾದ ಟ್ರಿಪೋಲಿ. ಕ್ರಿ.ಶ. 400ರ ಆಸುಪಾಸು. ಅಲ್ಲಿನ ಬಿಷಪ್ಪರು ಬೈಬಲಿನ ಭಾಗವಾದ ಪ್ರವಾದಿ ಯೋನನ ಪುಸ್ತಕವನ್ನು ಹೊಸ ಲ್ಯಾಟಿನ್ ಅನುವಾದದಲ್ಲಿ ಓದಿಸಿದರು. ಪ್ರವಾದಿಗೆ ನೆರಳಾದದ್ದು ಸೋರೆಬಳ್ಳಿ ಎಂದೇ ತಲೆಮಾರುಗಳಿಂದ ಕೇಳಿಕೊಂಡು ಬಂದವರ ಕಿವಿಗೆ ‘ಐವಿ’ ಎಂಬ ಬೇರೊಂದು ಬಳ್ಳಿಯ ಹೆಸರು ಬಿತ್ತು. ಜನ ರೇಗಿದರು. ಸಭೆಯೇ ಕೈಬಿಟ್ಟು ಹೋದೀತೆಂದು ಬಿಷಪ್ಪರು ಹಳೆಯ ಪದಕ್ಕೆ ಮರಳಿದರು. ಈ ಸಂಗತಿಯನ್ನು ಪತ್ರ ಬರೆದು ಅನುವಾದಕರಿಗೆ ತಿಳಿಸಿದವರು ಸಂತ ಅಗಸ್ಟೀನರು. ಅನುವಾದಕರು ಸಂತ ಜೆರೋಮ್.

ಮೂಲ ಹೀಬ್ರೂ ಪದ ‘ಕಿಕಾಯೋನ್’. ಜೆರೋಮರು ಕೊಡುವ ವರ್ಣನೆ ನೋಡಿ: ಅಗಲ ಎಲೆ, ದಟ್ಟ ನೆರಳು; ಮರಳು ನೆಲದಲ್ಲಿ ಬೀಜ ಬಿದ್ದರೆ ಬೇಗನೆ ಎದ್ದು, ಆಸರೆ ಬೇಡದೆ ತನ್ನ ಕಾಂಡದ ಮೇಲೇ ನಿಲ್ಲುವ ಗಿಡ. ನಮ್ಮ ಹರಳು ಗಿಡವೇ ಕಣ್ಣಿಗೆ ಕಟ್ಟುತ್ತದಲ್ಲವೇ? ಇಂದಿನ ಹೆಚ್ಚಿನ ವಿದ್ವಾಂಸರೂ ಅದನ್ನೇ ಹೇಳುತ್ತಾರೆ. ಲ್ಯಾಟಿನ್ನಿನಲ್ಲಿ ತಕ್ಕ ಹೆಸರು ಸಿಗದೆ ಅವರು ಐವಿ ಎಂದರು. ಹಳೆಯದೂ ತಪ್ಪು, ಹೊಸದೂ ತಪ್ಪು!

382ರ ಸುಮಾರಿಗೆ ಪೋಪ್ ದಮಾಸಸ್ ಜೆರೋಮರಿಗೆ ಒಪ್ಪಿಸಿದ್ದು ಯೇಸುವಿನ ಕಥೆ ಹೇಳುವ ಸುವಾರ್ತೆಗಳ ಹಳೆಯ ಲ್ಯಾಟಿನ್ ಪಾಠವನ್ನು ತಿದ್ದುವ ಕೆಲಸವನ್ನಷ್ಟೇ. 386ರಲ್ಲಿ ಬೆತ್ಲೆಹೇಮಿಗೆ ಬಂದು ನೆಲೆಸಿದ ಮೇಲೆ, ಪೌಲಾ ಎಂಬ ಶ್ರೀಮಂತ ವಿಧವೆ ಕಟ್ಟಿಸಿದ ಮಠದಲ್ಲಿ, ಬೈಬಲಿನ ಮೊದಲ ಭಾಗವಾದ ಹಳೆ ಒಡಂಬಡಿಕೆಯನ್ನು ನೇರ ಹೀಬ್ರೂವಿನಿಂದ ತರಲು ಕೂತರು. ಅದಕ್ಕೆ ಹಿಡಿದದ್ದು ಸುಮಾರು 15 ವರ್ಷ. ತೋಬಿತನ ಪುಸ್ತಕ ಮಾತ್ರ ಒಂದೇ ದಿನದ ಕೆಲಸ: ಅದು ಅರಾಮಿಕ್ ಭಾಷೆಯಲ್ಲಿತ್ತು, ಎರಡೂ ಬಲ್ಲವರೊಬ್ಬರು ಹೀಬ್ರೂವಿನಲ್ಲಿ ಹೇಳುತ್ತ ಹೋದರು, ಇವರು ಲ್ಯಾಟಿನ್ನಿನಲ್ಲಿ ಹೇಳಿ ಲಿಪಿಕಾರನಿಂದ ಬರೆಸಿದರು.

ಆಗಿನ ಹೀಬ್ರೂ ಬರಹದಲ್ಲಿ ಸ್ವರಚಿಹ್ನೆಗಳಿರಲಿಲ್ಲ. ಕನ್ನಡದಲ್ಲಿ ಹಾಗೆ ಬರೆದರೆ ಕೆಲಸ, ಕಲಸು, ಕಲಿಸು ಮೂರೂ ಒಂದೇ. ಬೈಬಲಿನ ವಿಮೋಚನಕಾಂಡದ 34ನೇ ಅಧ್ಯಾಯದಲ್ಲಿ, ಬೆಟ್ಟದಿಂದ ಇಳಿದು ಬಂದ ಪ್ರವಾದಿ ಮೋಶೆಯ ಮುಖ ಹೇಗಿತ್ತೆಂದು ಹೇಳುವಲ್ಲಿ, ಆದದ್ದೂ ಇದೇ ಗೋಜಲು. ‘ಕಾರನ್’ ಎಂದರೆ ಹೊಳೆಯಿತು, ‘ಕೆರೆನ್’ ಎಂದರೆ ಕೊಂಬು. ಜೆರೋಮರು ಕೊಂಬಿನ ಅರ್ಥ ಹಿಡಿದರು. ರೋಮಿನಲ್ಲಿರುವ ಶಿಲ್ಪಿ ಮೈಕೆಲ್ಯಾಂಜೆಲೊ ಕೆತ್ತಿದ ಮೋಶೆಯ ಪ್ರತಿಮೆಯ ತಲೆಯ ಮೇಲೆ ಎರಡು ಕೊಂಬು ಇಂದಿಗೂ ಇವೆ.

ಬೈಬಲಿನ ಕೀರ್ತನೆಗಳದ್ದು ಇನ್ನೊಂದು ಕಥೆ. ಅವನ್ನು ಹೀಬ್ರೂವಿನಿಂದಲೇ ಹೊಸದಾಗಿ ತಂದರೂ ಬಳಕೆಯಲ್ಲಿ ಉಳಿದದ್ದು ಗ್ರೀಕಿನ ಆಧಾರದ ಮೇಲೆ ಅವರೇ ಮೊದಲು ತಿದ್ದಿದ್ದ ಪಾಠ. ದಿನವೂ ಹಾಡಿ ಹಾಡಿ ಬಾಯಿಪಾಠವಾದ ಸಾಲುಗಳನ್ನು ಸನ್ಯಾಸಿಗಳು ಬಿಡಲಿಲ್ಲ. ವಲ್ಗೇಟ್ ಎಂದು ಹೆಸರಾದ ಲ್ಯಾಟಿನ್ ಬೈಬಲಿನಲ್ಲಿ ಶತಮಾನಗಳ ಕಾಲ ಅಚ್ಚಾದದ್ದೂ ಆ ಪಾಠವೇ.